ಕುಣಿತದ ಹೆಸರು

ಹೇಳುವುದಾದರೆ ಎಲ್ಲಿಂದ ಶುರು ಮಾಡುವುದು? ಹಡಗಿನಿಂದಲೇ? ಏಳು ವರ್ಷದ ಮಗಳಿಗೆ ಹಡಗೆಂದರೆ ಫಿನ್‌ಲ್ಯಾಂಡಿಗೆ ಹೋಗುವ ಬಿಳಿ ಹಡಗು, ಅದರ ಮೇಲ್ಮಹಡಿಯಲ್ಲಿ ಸಿಗುವ ಐಸ್‌ಕ್ರೀಮು. ಕಾಡಿನಿಂದಲೇ? ಅವಳಿಗೆ ಕಾಡೆಂದರೆ ಭಾನುವಾರ ಬುಟ್ಟಿ ಹಿಡಿದು ಅಣಬೆ ಆರಿಸುವ ಜಾಗ. ಹಾಗಾದರೆ ಆ ಪದದಿಂದಲೇ ಶುರು ಮಾಡಬೇಕು. ಸಿದ್ದಿ. ಎರಡೇ ಅಕ್ಷರ. ಮನಸ್ಸಿನಲ್ಲಿ ಅಂದುಕೊಂಡರೂ ಗೋಪೀನಾಥನಿಗೆ ನಾಲಿಗೆ ಒಣಗುತ್ತಿತ್ತು. ಇವತ್ತು ಬೇಡ. ಮುಂದಿನ ವಾರ ಹೇಳಿದರಾಯಿತು. ಮುಂದಿನ ವಾರ ಎಂದು ಅವನು ಅಂದುಕೊಳ್ಳಲು ಶುರು ಮಾಡಿ ಎಷ್ಟು ವಾರಗಳಾದವು?

ಸ್ಟಾಕ್‌ಹೋಮಿನ ಉತ್ತರದ ಹೊರವಲಯದ ಒಂದು ಲೈಬ್ರರಿಯ ನೆಲಮಾಳಿಗೆ. ಮಕ್ಕಳ ಕುರ್ಚಿಯ ಮೇಲೆ ಮೊಣಕಾಲು ಎದೆಗೆ ತಾಗುವಂತೆ ಅವನು ಕೂತಿದ್ದ. ಎದುರಿಗೆ ನೆಲದ ಮೇಲೆ ಹನ್ನೆರಡು ಮಕ್ಕಳು. ಅವರ ನಡುವೆ ಅವನ ಮಗಳು ಇರಾ. ಶನಿವಾರದ ಈ ತರಗತಿಯನ್ನು ನಡೆಸುವವಳು ಫಾತು. ಅವಳ ಅಪ್ಪ ಅಮ್ಮ ಗ್ಯಾಂಬಿಯಾದವರು. ಅವಳು ಇಲ್ಲೇ ಹುಟ್ಟಿದವಳು, ವಾರವಿಡೀ ಒಂದು ಶಾಲೆಯಲ್ಲಿ ಮರಗೆಲಸ ಕಲಿಸುವವಳು. ಶನಿವಾರ ಮಾತ್ರ ಕಪ್ಪು ಮಕ್ಕಳಿಗೆ ಅವರ ಹಿಂದಿನವರ ಕಥೆ ಕಲಿಸುತ್ತಾಳೆ. ಪುಸ್ತಕ ತೆರೆಯುವುದು ಕಡಿಮೆ. ಕೈಗೆ ಏನಾದರೂ ಕೊಡುತ್ತಾಳೆ. ಒಂದು ವಾರ ಜಡೆ ಹೆಣೆಯುವುದು. ಒಂದು ವಾರ ಒನಕೆಯಲ್ಲಿ ಸಜ್ಜೆ ಕುಟ್ಟುವುದು. ಗುಲಾಮರನ್ನು ಹೇರಿದ ಹಡಗಿನ ಕಥೆ ಹೇಳುವಾಗ ಮಕ್ಕಳನ್ನು ಒತ್ತೊತ್ತಾಗಿ ಮಲಗಿಸಿ ತೋರಿಸಬಹುದಲ್ಲ ಎಂದು ತಂದೆಯೊಬ್ಬ ಕೇಳಿದ್ದಕ್ಕೆ ಅವಳು ಹೇಳಿದ್ದಳು: "ಹಡಗಿನ ತಳದಲ್ಲಿ ಮಲಗೋದನ್ನ ನಾನು ಕಲಿಸಲ್ಲ. ಮಲಗಿದವರು ಸಾಕು. ಇಳಿದ ಮೇಲೆ ಅವರ ಕೈ ಏನು ಮಾಡ್ತು ಅನ್ನೋದನ್ನ ಕಲಿಸ್ತೀನಿ."

ಆ ದಿನ ಅವಳು ಒಂದು ಕಬ್ಬಿಣದ ಪಟ್ಟಿ ತಂದಿದ್ದಳು. ಮಕ್ಕಳು ಅದನ್ನು ಕೈಯಿಂದ ಕೈಗೆ ದಾಟಿಸಿದರು. ಚಿಕ್ಕವರಿಗೆ ಎರಡೂ ಕೈ ಬೇಕಾಯಿತು.

"ಈ ದೇಶದ ಕುಲುಮೆಗಳಲ್ಲಿ ಇಂಥ ಪಟ್ಟಿ ಮಾಡ್ತಿದ್ರು," ಎಂದಳು ಫಾತು. "ಯಾರ್ಯಾರದೋ ಹಡಗು ಹತ್ತಿ ಇದು ನಮ್ಮ ಮುತ್ತಜ್ಜಂದಿರ ತೀರಕ್ಕೆ ಹೋಗ್ತಿತ್ತು. ಅಲ್ಲಿ ಕಬ್ಬಿಣ ಇಳಿಸಿ ಮನುಷ್ಯರನ್ನ ಹೇರ್ತಿದ್ರು."

"ಒಬ್ಬ ಮನುಷ್ಯನಿಗೆ ಎಷ್ಟು ಪಟ್ಟಿ?" ಎಂದು ಒಬ್ಬ ಹುಡುಗ ಕೇಳಿದ. ಎರಿಟ್ರಿಯಾದವರ ಮಗ, ಯೋನಾಸ್. ಎಲ್ಲದಕ್ಕೂ ಅವನದು ಒಂದು ಪ್ರಶ್ನೆ ಇರುತ್ತಿತ್ತು.

"ನಿನ್ನನ್ನ ಕೊಡ್ಬೇಕಾದ್ರೆ ನಿಮ್ಮಮ್ಮ ಎಷ್ಟು ಕೇಳ್ತಾಳೆ?"

ಯೋನಾಸ್ ಯೋಚಿಸಿದ. "ಇವತ್ತು ಕೇಳಿದ್ರೆ ಸುಮ್ನೆ ಕೊಡ್ತಾಳೆ. ನಾನು ಬೆಳಗ್ಗೆ ಹಾಲು ಚೆಲ್ಲಿದೀನಿ."

ಮಕ್ಕಳು ನಕ್ಕರು. ಫಾತು ಕೂಡ ನಕ್ಕಳು. ಆಮೇಲೆ ಗೋಡೆಯ ಮೇಲಿನ ದೊಡ್ಡ ಭೂಪಟದ ಹತ್ತಿರ ಮಕ್ಕಳನ್ನು ಕರೆದು ಒಬ್ಬೊಬ್ಬರಿಗೂ ಒಂದೊಂದು ಕೆಂಪು ದಾರ ಕೊಟ್ಟಳು. ತಮ್ಮ ಮನೆಯವರು ಬಂದ ಊರಿನಿಂದ ಸ್ಟಾಕ್‌ಹೋಮಿಗೆ ದಾರ ಕಟ್ಟಬೇಕು. ದಾರಗಳೆಲ್ಲ ಆಫ್ರಿಕಾದಿಂದ ಮೇಲಕ್ಕೆ ಬಂದವು. ಇರಾಳದೊಂದೇ ದಾರ ಬಲಗಡೆಯಿಂದ ಬಂತು.

"ಅದು ಇಂಡಿಯಾ," ಎಂದ ಯೋನಾಸ್. "ಅದು ಆಫ್ರಿಕಾ ಅಲ್ಲ. ನೀನು ಇಲ್ಲಿಗೆ ಯಾಕೆ ಬರ್ತೀಯ?"

"ನನ್ನ ಕೂದಲು ನಿನ್ನ ಕೂದಲಿನ ಥರಾನೇ ಇದೆ," ಎಂದಳು ಇರಾ.

"ಹೌದು. ಆದ್ರೆ ಯಾಕೆ ಇದೆ?"

ಇರಾ ತಿರುಗಿ ಅಪ್ಪನನ್ನು ನೋಡಿದಳು. ಗೋಪೀನಾಥ ಜೇಬಿನಿಂದ ಫೋನ್ ತೆಗೆದು ನೋಡಿದ. ಅದರಲ್ಲಿ ಯಾವ ಮೆಸೇಜೂ ಬಂದಿರಲಿಲ್ಲ. ಆದರೂ ಓದುವವನಂತೆ ನೋಡಿದ.

ತರಗತಿ ಮುಗಿದ ಮೇಲೆ ಫಾತು ಅವನ ಹತ್ತಿರ ಬಂದಳು. ತಂದೆ ತಾಯಂದಿರು ಒಬ್ಬೊಬ್ಬರು ಒಂದೊಂದು ಶನಿವಾರ ಕಲಿಸಬೇಕೆಂಬುದು ಅಲ್ಲಿನ ಪದ್ಧತಿ. "ನವೆಂಬರ್ ಕೊನೆಯ ಶನಿವಾರ ನಿಮ್ಮದು," ಎಂದಳು. "ನಿಮ್ಮ ಮನೆಯವರ ಕೈ ಏನು ಮಾಡ್ತಿತ್ತೋ ಅದನ್ನ ಕಲಿಸಿ. ಬೇರೆ ಏನನ್ನೂ ನಾನು ಕೇಳಲ್ಲ."

ಅವನು ಮೂಲೆಯಲ್ಲಿದ್ದ ಡೋಲನ್ನು ನೋಡಿದ. ಮರದ ಕೊರಡು, ಎರಡೂ ಬದಿಗೆ ಬಿಗಿದ ಚರ್ಮ. ಊರಿನಲ್ಲಿ ಅಪ್ಪ ಬಾರಿಸುತ್ತಿದ್ದ ಡಮಾಮಿಗಿಂತ ಸ್ವಲ್ಪ ಉದ್ದ. "ಇದನ್ನ ಮನೆಗೆ ಒಯ್ಯಬಹುದಾ?" ಎಂದು ಕೇಳಿದ. ಫಾತು ಒಯ್ಯಿರಿ ಎಂದಳು.

ಗೋಪೀನಾಥನ ಊರು ಹಳಿಯಾಳದ ಕಡೆಯ ಕಾಡಿನ ಅಂಚಿನಲ್ಲಿತ್ತು. ಹಿಂದೆ ಯಾವಾಗಲೋ ಆಫ್ರಿಕಾದಿಂದ ಹಡಗಿನಲ್ಲಿ ಗುಲಾಮರಾಗಿ ತಂದಿಳಿಸಿದವರ ಮಕ್ಕಳು ಮರಿಮಕ್ಕಳು, ಸಿದ್ದಿಗಳು, ಇರುವ ಊರು. ಅವನ ಅಪ್ಪ ಕಂತ್ರಾಟುದಾರರ ಕೈಕೆಳಗೆ ದಿಮ್ಮಿ ಹೊರುತ್ತಿದ್ದ. ಬಲಹೆಗಲ ಮೇಲೆ ನಿಂಬೆಹಣ್ಣಿನಷ್ಟು ದಪ್ಪದ ಗಂಟು ಬಿದ್ದಿತ್ತು. ಮಲಗುವಾಗ ಎಡಕ್ಕೇ ಮಲಗಬೇಕಿತ್ತು. ಒಮ್ಮೆ ದಿಮ್ಮಿ ಜಾರಿ ಅಪ್ಪನ ಪಾದದ ಮೇಲೆ ಬಿತ್ತು. ಕಂತ್ರಾಟುದಾರ ಓಡಿ ಬಂದ. ಬಂದವನು ಮೊದಲು ದಿಮ್ಮಿ ಸೀಳಿದೆಯೇ ಎಂದು ಬಗ್ಗಿ ನೋಡಿದ. ಆಮೇಲೆ ಪಾದ ನೋಡಿದ. ಆ ಸಂಜೆ ಅಪ್ಪ ಬಟ್ಟೆ ಸುತ್ತಿದ ಕಾಲು ಚಾಚಿಕೊಂಡು, ಒಣಗಿದ ಎಲೆಯ ಬೆಂಕಿಗೆ ಡಮಾಮಿಯ ಚರ್ಮ ಹಿಡಿದು ಬಿಸಿ ಮಾಡಿದ. ಬಹಳ ಹೊತ್ತು ಬಾರಿಸಿದ. ನೋವು ಎಂದು ಒಂದು ಮಾತೂ ಆಡಲಿಲ್ಲ.

ಆರನೇ ತರಗತಿಯಲ್ಲಿ ಮಾಸ್ತರರು ಭೂಗೋಳ ಪಾಠ ಮಾಡುತ್ತ ಗೋಪೀನಾಥನನ್ನು ಎಬ್ಬಿಸಿ ಮುಂದೆ ನಿಲ್ಲಿಸಿದರು. ಅವನ ಕೂದಲಿಗೆ ಪೆನ್ಸಿಲ್ ಸಿಕ್ಕಿಸಿದರು. ಅದು ಬೀಳಲಿಲ್ಲ. "ನೋಡ್ರಿ, ಆಫ್ರಿಕಾ ಖಂಡ ನಮ್ಮ ಸಾಲಿಗೇ ಬಂದೈತಿ," ಎಂದರು. ತರಗತಿ ನಕ್ಕಿತು. ಮಾಸ್ತರರು ಕೆಟ್ಟವರಲ್ಲ. ಅವನಿಗೆ ಹಾಸ್ಟೆಲಿನಲ್ಲಿ ಜಾಗ ಕೊಡಿಸಿದವರು ಅವರೇ. ಆದರೆ ಅಂದಿನಿಂದ ಸಿದ್ದಿ ಎಂಬ ಪದ ಎಲ್ಲಿ ಕೇಳಿದರೂ ಅದರ ಬೆನ್ನಿಗೇ ನಗು ಬರುತ್ತಿತ್ತು. ಬೇರೆಯವರಿಗಿಂತ ಮೊದಲು ತಾನೇ ನಕ್ಕುಬಿಟ್ಟರೆ ನೋವು ಕಡಿಮೆ ಎಂದು ಅವನು ಕಲಿತುಕೊಂಡ. ಪಾಸ್‌ಪೋರ್ಟ್ ಮಾಡಿಸುವಾಗ ಹೆಸರಿನ ಕೊನೆಗಿದ್ದ ಆ ಪದವನ್ನು ಬಿಟ್ಟು ಅಪ್ಪನ ಹೆಸರು ಹಾಕಿಸಿದ. ಮರದ ನಾರಿನ ಮೇಲೆ ಸಂಶೋಧನೆ ಮಾಡಲು ಸ್ವೀಡನ್ನಿಗೆ ಬಂದ. ಆ ಪದ ಸಮುದ್ರ ದಾಟಿ ಬರಲಾರದು ಎಂದುಕೊಂಡಿದ್ದ.

ಹೆಂಡತಿ ಶೋಭನಾ ಧಾರವಾಡದವಳು. ಅವನನ್ನು ಮದುವೆಯಾದಳೆಂದು ಅವಳ ತವರಿನವರು ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದರು. ಇಲ್ಲಿ ಅವಳಿಗೆ ವೃದ್ಧರ ಆಶ್ರಮವೊಂದರಲ್ಲಿ ಕೆಲಸ, ವಾರದ ಕೊನೆಗೂ ಪಾಳಿ. ಮಗಳಿಗೆ ನೀನೇ ಹೇಳಿಬಿಡು ಎಂದು ಅವನು ಒಮ್ಮೆ ಅವಳನ್ನು ಕೇಳಿದ್ದ.

"ನಾ ಹೇಳಿದ್ರ ಅದು ಬರೇ ಸುದ್ದಿ ಆಗ್ತದ," ಎಂದಿದ್ದಳು ಶೋಭನಾ. "ನಿನ್ನ ಬಾಯಿಂದ ಬರಬೇಕು ಅದು."

ಮಾಲತಿಯ ಫೋನ್ ಬಂದದ್ದು ಅಕ್ಟೋಬರ್ ಕೊನೆಗೆ. ಸ್ಟಾಕ್‌ಹೋಮಿನ ಕನ್ನಡದವರ ಹಬ್ಬ ಹರಿದಿನಗಳನ್ನೆಲ್ಲ ಮುಂದೆ ನಿಂತು ಮಾಡಿಸುವವಳು ಮಾಲತಿ. ಗೋಪೀನಾಥ ಬಂದ ಮೊದಲ ಚಳಿಗಾಲದಲ್ಲಿ ತನ್ನ ಗಂಡ ಶೇಷಾದ್ರಿಯ ದಪ್ಪ ಕೋಟನ್ನು ಅವನಿಗೆ ಕೊಟ್ಟವಳು, ಪರ್ಸನ್‌ನಂಬರ್ ಎಂಬ ಗುರುತಿನ ಸಂಖ್ಯೆ ಮಾಡಿಸಲು ಕಚೇರಿಗೆ ಜೊತೆಯಲ್ಲಿ ಬಂದವಳು. ಯುಗಾದಿಗೆ ಮೊದಲ ಸಲ ಹೋದಾಗ ಅವಳ ಮನೆಯಲ್ಲಿ ಯಾರೋ ಅವನಿಗೆ, "ಕನ್ನಡ ಎಷ್ಟು ಚೆನ್ನಾಗಿ ಕಲ್ತಿದೀರ," ಎಂದಿದ್ದರು. ಶೇಷಾದ್ರಿ, "ಅಯ್ಯೋ, ಇವ್ರು ನಮ್ಮವ್ರೇ ಕಣ್ರೀ. ಬಿಸಿಲಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಬಿಟ್ಟಿದ್ರು ಅಷ್ಟೇ," ಎಂದಿದ್ದ. ಎಲ್ಲರಿಗಿಂತ ಮೊದಲು ಗೋಪೀನಾಥನೇ ನಕ್ಕಿದ್ದ.

"ಗೋಪಿ, ಈ ಸಲ ರಾಜ್ಯೋತ್ಸವಕ್ಕೆ ಜನಪದ ಕಲೆ ಥೀಮ್ ಇಟ್ಕೊಂಡಿದೀವಿ," ಎಂದಳು ಮಾಲತಿ. "ಮಕ್ಕಳ ಕೈಲಿ ಸಿದ್ದಿ ಡ್ಯಾನ್ಸ್ ಮಾಡಿಸ್ತಿದೀನಿ. ಡ್ರಮ್ಸ್ ನೀವೇ ನುಡಿಸ್ಬೇಕು. ನೀವು ಆ ಕಮ್ಯುನಿಟಿನೇ ಅಂತೆ, ಶೇಷಾದ್ರಿ ಹೇಳಿದ್ರು. ಇಷ್ಟು ವರ್ಷ ಹೇಳೇ ಇಲ್ವಲ್ರೀ. ಎಷ್ಟು ಹೆಮ್ಮೆ ವಿಷಯ ಅದು."

ಆ ಪದವನ್ನು ನಗದೆ ಹೇಳಿದ ಹೊರಗಿನವರಲ್ಲಿ ಇವಳೇ ಮೊದಲಿನವಳಿರಬೇಕು ಎಂದು ಅವನಿಗೆ ಎನ್ನಿಸಿತು.

"ಇರಾನೂ ಸೇರಿಸ್ಕೊಂಡಿದೀನಿ," ಎಂದಳು ಮಾಲತಿ. "ಅವಳಿಗೇನು, ಮೇಕಪ್ಪೇ ಬೇಡ."

ಅವನಿಗೆ ಅರ್ಥವಾಯಿತು. ಅರ್ಥವಾಗದವನಂತೆ ನಕ್ಕ. ಆಗಲಿ ಎಂದ.

ಯಾಕೆ ಒಪ್ಪಿದೆ ಎಂದು ಆಮೇಲೆ ಎಷ್ಟೋ ಸಲ ಅವನು ತನ್ನನ್ನೇ ಕೇಳಿಕೊಂಡ. ಉತ್ತರ ಅವನಿಗೆ ಗೊತ್ತಿತ್ತು. ವೇದಿಕೆ ಹತ್ತಿದರೆ ತಾನು ಬಾಯಿ ತೆರೆಯಬೇಕಾಗಿಲ್ಲ. ಡೋಲು ಬಡಿಯುತ್ತದೆ, ಮಗಳು ಕುಣಿಯುತ್ತಾಳೆ, ಜನ ಚಪ್ಪಾಳೆ ತಟ್ಟುತ್ತಾರೆ. ಚಪ್ಪಾಳೆಯ ನಡುವೆ ಯಾರೋ ಮೈಕಿನಲ್ಲಿ ಆ ಪದ ಹೇಳುತ್ತಾರೆ. ಮಗಳ ಕಿವಿಗೆ ಅದು ಮೊದಲ ಸಲ ಬೀಳುವಾಗ ಚಪ್ಪಾಳೆಯ ಜೊತೆ ಬೀಳಲಿ. ತನ್ನ ಕೆಲಸವನ್ನು ಬೇರೆಯವರು ಮಾಡಿಕೊಡಲಿ ಎಂದು ಅವನು ಕಾದ.

ಆ ಮೂರು ವಾರ ಮಾತ್ರ ಚೆನ್ನಾಗಿದ್ದವು. ಸಂಜೆ ಯೂನಿವರ್ಸಿಟಿಯಿಂದ ಬಂದವನೇ ಅವನು ಡೋಲನ್ನು ಕಿಟಕಿಯ ಕೆಳಗಿನ ಹೀಟರಿಗೆ ಆನಿಸಿ ಚರ್ಮ ಬಿಸಿ ಮಾಡುತ್ತಿದ್ದ. ಸರಿಯಾಗಿ ಬಿಗಿದಿದೆಯೇ ಎಂದು ಹೆಬ್ಬೆರಳಿನಿಂದ ಒತ್ತಿ ನೋಡುವುದನ್ನು ಮಗಳಿಗೆ ತೋರಿಸಿದ. ಅವಳ ಕೈಗಳ ಮೇಲೆ ತನ್ನ ಕೈಗಳನ್ನಿಟ್ಟು ಬಾರಿಸಿದ. ಎಡಗೈ ನಡೆಯುತ್ತದೆ, ಬಲಗೈ ಓಡುತ್ತದೆ. ನಡೆಯುವ ಕೈ ನಿಲ್ಲಬಾರದು. ಐದನೇ ದಿನಕ್ಕೆ ಇರಾ ಅವನ ಕೈ ಸರಿಸಿದಳು.

"ಬಿಡು ಪಪ್ಪಾ, ನಂಗೆ ಬರತ್ತೆ."

ಬಂತು. ಅಪ್ಪನಿಗೆ ಬರುತ್ತಿದ್ದಂತೆಯೇ ಬಂತು. ಗೋಪೀನಾಥ ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಂತ.

"ಅಳಾಕತ್ತೀಯೇನು?" ಎಂದು ಕೇಳಿದಳು ಶೋಭನಾ.

"ಇಲ್ಲ. ಈರುಳ್ಳಿ."

"ಈರುಳ್ಳಿ ನಾ ಇನ್ನೂ ಹೆಚ್ಚಿಲ್ಲ," ಎಂದಳು ಅವಳು.

ನವೆಂಬರಿನ ಮೂರನೇ ಭಾನುವಾರ ಕಾರ್ಯಕ್ರಮ. ಬಾಡಿಗೆಗೆ ಹಿಡಿದ ಶಾಲೆಯೊಂದರ ಸಭಾಂಗಣ. ಶೋಭನಾಳಿಗೆ ಪಾಳಿಯಿತ್ತು, ಅವಳು ಬರಲಿಲ್ಲ. ಗೋಪೀನಾಥ ಡೋಲನ್ನು ವೇದಿಕೆಯ ಪಕ್ಕದ ಹೀಟರಿಗೆ ಆನಿಸಿಟ್ಟು ಕಾಯುತ್ತಿದ್ದ. ಇರಾಳನ್ನು ಮಾಲತಿ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿದ್ದಳು. ಅಭ್ಯಾಸದ ದಿನಗಳಲ್ಲಿ ಮಕ್ಕಳು ಮಾಮೂಲಿ ಬಟ್ಟೆಯಲ್ಲೇ ಕುಣಿಯುತ್ತಿದ್ದರು. ಆ ಕುಣಿತವನ್ನು ಅವರೆಲ್ಲ ಕಾಡಿನ ಡ್ಯಾನ್ಸ್ ಎನ್ನುತ್ತಿದ್ದರು.

ನಾವೇ ಮುಂದಿನವರು, ಮಕ್ಕಳನ್ನು ಕರೆದುಕೊಂಡು ಬನ್ನಿ ಎಂದು ಯಾರೋ ಹೇಳಿದರು. ಅವನು ಹಿಂದಿನ ಕೋಣೆಯ ಬಾಗಿಲು ತೆರೆದ.

ಎಂಟು ಮಕ್ಕಳು ಸಾಲಾಗಿ ನಿಂತಿದ್ದರು. ಸೊಂಟಕ್ಕೆ ಹಸಿರು ಕಾಗದದ ಎಲೆಗಳು. ಗೋಪೀನಾಥನ ಅವ್ವ ಕುಣಿಯುತ್ತಿದ್ದುದು ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು. ತನ್ನವರು ಎಲೆ ಕಟ್ಟಿಕೊಂಡು ಕುಣಿದದ್ದನ್ನು ಅವನು ನೋಡಿದ್ದು ಸರ್ಕಾರದ ಉತ್ಸವಗಳಲ್ಲಿ ಮಾತ್ರ. ಅಲ್ಲಿ ಕಟ್ಟಿಕೊಳ್ಳಲು ಹೇಳುತ್ತಿದ್ದರು.

ಮಕ್ಕಳ ಮುಖ, ಕತ್ತು, ಕೈಕಾಲುಗಳಿಗೆಲ್ಲ ಕಪ್ಪು ಬಣ್ಣ ಬಳಿದಿತ್ತು. ಬೂಟಿನ ಪಾಲಿಶಿನಂಥ ಕಪ್ಪು. ತುಟಿಯ ಸುತ್ತ ಬಿಳಿಯ ಗೆರೆ. ಮಾಲತಿಯ ಮಗ ಚಿರಂತನ್ ಕನ್ನಡಿಯ ಮುಂದೆ ನಾಲಿಗೆ ಚಾಚಿ, ಕಂಕುಳು ಕೆರೆದುಕೊಂಡು ಮಂಗನಂತೆ ಕುಪ್ಪಳಿಸುತ್ತಿದ್ದ. ಉಳಿದವರು ನಗುತ್ತಿದ್ದರು. ಸಾಲಿನ ಕೊನೆಯಲ್ಲಿ ಇರಾ ನಿಂತಿದ್ದಳು. ಡಾಕ್ಟರ ಮುಂದೆ ನಿಂತವಳ ಹಾಗೆ ಎರಡೂ ತೋಳು ಚಾಚಿ ಅಲುಗಾಡದೆ ನಿಂತಿದ್ದಳು. ಲಾವಣ್ಯಾ ಎಂಬ ಹುಡುಗಿ ಸ್ಪಂಜಿನಿಂದ ಅವಳ ಕೆನ್ನೆಗೆ ಬಣ್ಣ ಒತ್ತುತ್ತಿದ್ದಳು.

"ಅವಳಿಗೆ ಯಾಕೆ?" ಎಂದು ಕೇಳಿದ ಗೋಪೀನಾಥ.

"ಸ್ಟೇಜ್ ಲೈಟಿಗೆ ಇವಳೊಬ್ಬಳೇ ಬ್ರೌನ್ ಕಾಣ್ತಾಳೆ ಸರ್," ಎಂದಳು ಲಾವಣ್ಯಾ. "ಎಲ್ಲಾರೂ ಒಂದೇ ಥರ ಇರ್ಲಿ ಅಂತ ಮಾಲತಿ ಮೇಡಮ್ ಅಂದ್ರು. ಸಿದ್ದಿಗಳು ಇನ್ನೂ ಡಾರ್ಕ್ ಅಲ್ವಾ?"

ಬಾಗಿಲಲ್ಲಿ ನಿಂತಿದ್ದ ಶೇಷಾದ್ರಿ ಹೇಳಿದ: "ಒರಿಜಿನಲ್ ಪೀಸಿಗೇ ಎರಡನೇ ಕೋಟ್ ಹೊಡೀತಿದೀರಲ್ಲಮ್ಮ."

ಕೋಣೆಯವರೆಲ್ಲ ನಕ್ಕರು. ನಗುತ್ತ ಗೋಪೀನಾಥನ ಮುಖ ನೋಡಿದರು. ಇಂಥ ಮಾತಿಗೆ ಮೊದಲು ನಗುವವನು ಅವನೇ. ಅವನು ನಗಲಿಲ್ಲ. ಇರಾಳ ಕಣ್ಣು ನೋಡಿದ. ಅವಳು ಅಳುತ್ತಿರಲಿಲ್ಲ. ಎಲ್ಲರೂ ನಗುವುದನ್ನು ನೋಡಿ ಅವಳೂ ಸ್ವಲ್ಪ ನಕ್ಕಳು. ಬೇರೆಯವರಿಗಿಂತ ಮೊದಲು ನಗಲು ಅವಳು ಆಗಲೇ ಕಲಿಯುತ್ತಿದ್ದಳು.

"ನಾನು ಬಾರಿಸಲ್ಲ," ಎಂದ ಗೋಪೀನಾಥ.

"ಏನಂದ್ರಿ?" ಮಾಲತಿ ಒಳಗೆ ಬಂದಳು.

"ಬಾರಿಸಲ್ಲ ಅಂದೆ."

"ಗೋಪಿ, ತಮಾಷೆ ಬೇಡ. ಕಮ್ಯೂನ್ ಆಫೀಸಿಂದ ಗೆಸ್ಟ್ ಬಂದು ಕೂತಿದಾರೆ."

"ಎಲ್ಲಾ ಮಕ್ಕಳ ಮುಖ ಒರೆಸಿ. ಬಾರಿಸ್ತೀನಿ."

"ಈಗಾ? ಐದು ನಿಮಿಷ ಇದೆ."

"ಹಾಗಾದ್ರೆ ಬಾರಿಸಲ್ಲ."

ಮಾಲತಿಗೆ ನಿಜವಾಗಿಯೂ ನೋವಾಗಿತ್ತು. "ನಿಮ್ಮ ಕಲ್ಚರ್‌ಗೆ ಮರ್ಯಾದೆ ಕೊಡೋಕೆ ಅಂತಾನೇ ಅಲ್ವಾ ಇಷ್ಟೆಲ್ಲಾ ಮಾಡಿದ್ದು? ಮೂರು ವಾರ ನಿದ್ದೆ ಇಲ್ಲ ನಂಗೆ. ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ಖುಷಿ ಪಡ್ತಿದ್ದೆ."

"ನನ್ನ ಜಾಗದಲ್ಲಿ ನೀವು ಇಲ್ಲ."

"ಅಲ್ರೀ ಗೋಪಿ," ಎಂದ ಶೇಷಾದ್ರಿ. "ಇಷ್ಟು ವರ್ಷ ನಮ್ಮ ಜೊತೆ ನಕ್ಕೊಂಡು ಇದ್ರಲ್ಲ. ಇವತ್ತೇನಾಯ್ತು?"

"ಇಷ್ಟು ವರ್ಷ ನಕ್ಕಿದ್ದು ನನ್ನ ತಪ್ಪು."

ಅದಕ್ಕಿಂತ ಹೆಚ್ಚು ಅವನಿಗೆ ಹೇಳಲಾಗಲಿಲ್ಲ. ಹೇಳಲು ಬೇಕಾದಷ್ಟಿತ್ತು. ದಿಮ್ಮಿ ಬಗ್ಗೆ ಹೇಳಬಹುದಿತ್ತು, ಪೆನ್ಸಿಲ್ ಬಗ್ಗೆ ಹೇಳಬಹುದಿತ್ತು. ಮಗಳ ಕೈ ಹಿಡಿದುಕೊಂಡು ಹೊರಗೆ ಬಂದು, ಹೀಟರಿನ ಪಕ್ಕದ ಡೋಲನ್ನೂ ಎತ್ತಿಕೊಂಡ. ಕುಣಿತ ನಿಲ್ಲಲಿಲ್ಲ. ಯಾರೋ ಫೋನಿನಲ್ಲಿ ಆಫ್ರಿಕಾದ ಯಾವುದೋ ಡ್ರಮ್ ಸಂಗೀತ ಹುಡುಕಿ ಸ್ಪೀಕರಿಗೆ ಹಾಕಿದರು. ಮಕ್ಕಳು ಅದಕ್ಕೇ ಕುಣಿದರು. ಜನ ಜೋರಾಗಿ ಚಪ್ಪಾಳೆ ತಟ್ಟಿದರು.

ಸಭಾಂಗಣದ ಅಡುಗೆಮನೆಯಲ್ಲಿ ಗೋಪೀನಾಥ ಮಗಳನ್ನು ಸಿಂಕಿನ ಪಕ್ಕದ ಕಟ್ಟೆಯ ಮೇಲೆ ಕೂರಿಸಿದ್ದ. ನೀರಿಗೆ ಬಣ್ಣ ಹೋಗಲಿಲ್ಲ, ಇನ್ನಷ್ಟು ಹರಡಿತು. ಪೂರಿ ಕರಿಯಲು ತಂದಿಟ್ಟಿದ್ದ ಎಣ್ಣೆಯನ್ನು ಕಾಗದಕ್ಕೆ ಸುರಿದು ಒರೆಸಿದ. ಕಾಗದ ಕಪ್ಪಾಯಿತು. ಇನ್ನೊಂದು ತೆಗೆದುಕೊಂಡ. ಅದೂ ಕಪ್ಪಾಯಿತು. ಇರಾಳೂ ಒಂದು ಕಾಗದ ತೆಗೆದುಕೊಂಡು ತನ್ನ ತೋಳನ್ನು ಉಜ್ಜತೊಡಗಿದಳು. ಗೋಡೆಯ ಆಚೆಯಿಂದ ಮೈಕಿನ ದನಿ ಕೇಳುತ್ತಿತ್ತು. ಸಿದ್ದಿ ಡ್ಯಾನ್ಸ್, ಸಿದ್ದಿ ಡ್ಯಾನ್ಸ್, ಇನ್ನೊಮ್ಮೆ ಜೋರಾದ ಚಪ್ಪಾಳೆ.

"ಹೋಯ್ತಾ ಪಪ್ಪಾ?" ಎಂದು ಕೇಳಿದಳು ಇರಾ.

"ಹೋಯ್ತು."

ಅವಳು ಉಜ್ಜುವುದನ್ನು ನಿಲ್ಲಿಸಲಿಲ್ಲ. ತೋಳು ಕೆಂಪಾಗುತ್ತಿತ್ತು. "ಇಲ್ಲಿ ಇನ್ನೂ ಇದೆ," ಎಂದಳು.

ಅವನು ಬಗ್ಗಿ ನೋಡಿದ. ಅಲ್ಲಿ ಬಣ್ಣ ಇರಲಿಲ್ಲ. ಅವಳ ಕೈಯಿಂದ ಕಾಗದ ಕಿತ್ತುಕೊಂಡ. "ಸಾಕು," ಎಂದ. "ಅದು ಬಣ್ಣ ಅಲ್ಲ. ಅದು ನೀನು."

ರೈಲಿನಲ್ಲಿ ವಾಪಸು ಬರುವಾಗ ಇನ್ನೂ ನಾಲ್ಕು ಗಂಟೆ. ಹೊರಗೆ ಆಗಲೇ ಕತ್ತಲು. ಕಿಟಕಿಯ ಗಾಜಿನಲ್ಲಿ ಅವರಿಬ್ಬರ ಮುಖವೇ ಕಾಣುತ್ತಿತ್ತು. ಇರಾಳ ಕೂದಲಿನ ಅಂಚಿನಲ್ಲಿ ಕಪ್ಪು ಗೆರೆಯೊಂದು ಉಳಿದಿತ್ತು. ಅವಳು ಸ್ವೀಡಿಷಿನಲ್ಲಿ ಮಾತಾಡಿದಳು. ಮನಸ್ಸಿನಲ್ಲಿ ಏನಾದರೂ ಕೊರೆಯುತ್ತಿದ್ದರೆ ಅವಳು ಆ ಭಾಷೆಗೇ ಹೋಗುತ್ತಿದ್ದಳು.

"ಸಿದ್ದಿ ಅಂದ್ರೆ ಏನು ಪಪ್ಪಾ?"

ಇದೋ ಬಂತು ಎಂದುಕೊಂಡ ಅವನು. ಇಷ್ಟು ದಿನ ಎಲ್ಲಿಂದ ಶುರು ಮಾಡುವುದೆಂದು ಅವನಿಗೆ ಗೊತ್ತಾಗಿರಲಿಲ್ಲ. ಈಗ ಅವಳೇ ಶುರು ಮಾಡಿದ್ದಳು. ಬಾಯಿ ತೆರೆದರೆ ಸಾಕಿತ್ತು. ಆದರೆ ಅವಳ ತೋಳು ಇನ್ನೂ ಕೆಂಪಾಗಿತ್ತು, ಮೈಯಿಂದ ಪೂರಿ ಎಣ್ಣೆಯ ವಾಸನೆ ಬರುತ್ತಿತ್ತು. ಈಗ ಹೇಳಿದರೆ ಆ ಪದ ಎಂದೆಂದಿಗೂ ಈ ವಾಸನೆಯ ಜೊತೆ ಅವಳಿಗೆ ಅಂಟಿಕೊಳ್ಳುತ್ತದೆ. ಅವನಿಗೆ ಪೆನ್ಸಿಲ್ ಅಂಟಿಕೊಂಡ ಹಾಗೆ. ಇವತ್ತೊಂದು ದಿನ ಬೇಡ.

"ಅದು ಆ ಕುಣಿತದ ಹೆಸರು," ಎಂದ.

"ಯಾರು ಕುಣೀತಾರೆ?"

"ಕಾಡಿನಲ್ಲಿರೋ ಜನ."

"ನೀನು ಯಾಕೆ ಬಾರಿಸಲಿಲ್ಲ?"

"ಕೈ ನೋಯ್ತಿತ್ತು."

ಅವಳು ಅವನ ಬಲಗೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಇಳಿಯುವ ನಿಲ್ದಾಣ ಬರುವವರೆಗೂ ಮೆಲ್ಲಗೆ ಒತ್ತುತ್ತಿದ್ದಳು.

ಮಗಳು ಮಲಗಿದ ಮೇಲೆ ಶೋಭನಾ ಎಲ್ಲವನ್ನೂ ಕೇಳಿಸಿಕೊಂಡಳು. ಎಂಟು ಗಂಟೆ ಮುದುಕರನ್ನು ಎತ್ತಿ ಕೂರಿಸಿ ಬಂದ ಅವಳ ಸೊಂಟ ನೋಯುತ್ತಿತ್ತು. ನೆಲದ ಮೇಲೆಯೇ ಅಂಗಾತ ಮಲಗಿದ್ದಳು.

"ಅಷ್ಟು ಮಂದಿ ಮುಂದ ಬಾಯಿ ತೆಗದಿ," ಎಂದಳು. "ಮಗಳ ಮುಂದ ಕೈ ನೋವು ಅಂದಿ. ಅವರಿಗೆ ಹೇಳಿದ್ದು ಯಾರ ಸಲುವಾಗಿ?"

ಅವನು ಅವಳ ಸೊಂಟದ ಕೆಳಗೆ ದಿಂಬೊಂದನ್ನು ಸರಿಸಿದ.

"ಸಿಟ್ಟು ನನಗೂ ಐತಿ. ನನ್ನ ಅಪ್ಪ ಅವ್ವನ ಮ್ಯಾಲೂ ಐತಿ. ಆದ್ರ ಸುಮ್ಮನ ಇದ್ರ ಮಗಳು ಏನು ತಿಳಕೋತಾಳ? ಮುಚ್ಚಿಡೋ ಅಂಥಾದ್ದು ಏನೋ ಐತಿ ಅಂತ ತಿಳಕೋತಾಳ."

"ಶನಿವಾರ ಹೇಳ್ತೀನಿ. ಫಾತುನ ಕ್ಲಾಸಿನಾಗ. ಎಲ್ಲಾರ ಮುಂದ ಹೇಳ್ತೀನಿ."

"ಖರೇನ?"

"ಖರೇನ."

ಶನಿವಾರ ಅವನು ಬೇಗ ಎದ್ದ. ಹೇಳಬೇಕಾದ ಮಾತುಗಳನ್ನು ಸ್ವೀಡಿಷಿನಲ್ಲಿ ಒಂದು ಚೀಟಿಯಲ್ಲಿ ಬರೆದುಕೊಂಡ. ಚಿಕ್ಕ ಚಿಕ್ಕ ವಾಕ್ಯಗಳು, ಮಕ್ಕಳಿಗೆ ಅರ್ಥವಾಗುವಂಥವು. ಬರೆದುಕೊಂಡದ್ದು ಬರಹದಲ್ಲಿ ಸುಲಭವಾಗಿಯೇ ಕಾಣುತ್ತಿತ್ತು. ಚೀಟಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

ನೆಲಮಾಳಿಗೆಯಲ್ಲಿ ಮಕ್ಕಳು ಸುತ್ತುಗಟ್ಟಿ ಕೂತರು. ಒಂದು ಗಂಟೆ ಅವನು ಬಾರಿಸುವುದನ್ನು ಕಲಿಸಿದ. ಫಾತು ಉಳಿದ ಡೋಲುಗಳನ್ನೂ ತಂದಿಟ್ಟಿದ್ದಳು. ನಡೆಯುವ ಕೈ, ಓಡುವ ಕೈ. ಕೈ ತಪ್ಪಿದ ಮಕ್ಕಳ ಹತ್ತಿರ ಇರಾ ತಾನೇ ಹೋಗಿ ಅವರ ಕೈಗಳ ಮೇಲೆ ತನ್ನ ಪುಟ್ಟ ಕೈಗಳನ್ನಿಟ್ಟು ತೋರಿಸಿದಳು. ಯೋನಾಸ್‌ಗೆ ಎಷ್ಟು ಸಲ ಮಾಡಿದರೂ ಬರಲಿಲ್ಲ. "ನಿನ್ನ ಎಡಗೈ ನಿಂತ್ಬಿಡತ್ತೆ. ಅದು ನಿಲ್ಲಬಾರದು," ಎಂದು ಅವಳು ಟೀಚರಂತೆ ಗದರಿಸಿದಳು. ಕೊನೆಗೆ ಹನ್ನೆರಡು ಮಕ್ಕಳೂ ಒಟ್ಟಿಗೆ ಬಾರಿಸಿದರು. ಮೇಲಿನ ಲೈಬ್ರರಿಯವರು ಮೆಟ್ಟಿಲಿಳಿದು ಬಂದು ಬಾಗಿಲಲ್ಲಿ ನಿಂತು ಕೇಳಿದರು. ಅಪ್ಪ ಇದ್ದಿದ್ದರೆ ಕಣ್ಣು ಮುಚ್ಚಿ ಕೇಳುತ್ತಿದ್ದ ಎನ್ನಿಸಿತು ಗೋಪೀನಾಥನಿಗೆ.

ಸದ್ದು ನಿಂತಿತು. ಫಾತು ಅವನ ಕಡೆ ನೋಡಿದಳು. ಏನನ್ನೂ ಕೇಳಲಿಲ್ಲ. ಕೇಳುವುದಿಲ್ಲ ಎಂದು ಅವಳು ಮಾತು ಕೊಟ್ಟಿದ್ದಳು. ಗೋಪೀನಾಥ ಅಂಗಿಯ ಜೇಬಿಗೆ ಕೈ ಹಾಕಿದ. ಚೀಟಿ ಕೈಗೆ ಸಿಕ್ಕಿತು.

"ಇದು ಯಾರದು?" ಎಂದು ಯೋನಾಸ್ ಕೇಳಿದ. "ಈ ಬಾರಿಸೋದು?"

ಗೋಪೀನಾಥ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಇರಾ ಎದ್ದು ನಿಂತಳು. ಬೆನ್ನು ನೆಟ್ಟಗೆ ಮಾಡಿದಳು. ಅವಳ ಮುಖದಲ್ಲಿ ಅಷ್ಟು ಬೆಳಕನ್ನು ಅವನು ಆ ವಾರ ಕಂಡಿರಲಿಲ್ಲ.

"ಇದಕ್ಕೆ ಸಿದ್ದಿ ಅಂತಾರೆ," ಎಂದಳು. "ಅದು ಕುಣಿತದ ಹೆಸರು. ನನ್ನ ಪಪ್ಪಾ ಹೇಳಿದ. ಅವನಿಗೆ ಎಲ್ಲಾ ಗೊತ್ತು."

"ಯಾರು ಕುಣೀತಾರೆ? ನೀವಾ?"

"ಅಲ್ಲ. ಕಾಡಿನಲ್ಲಿ ಬೇರೆ ಜನ ಇದಾರೆ. ಅವರು. ನಾವಲ್ಲ."

ಯೋನಾಸ್ ತಲೆಯಾಡಿಸಿದ. ಮೊದಲ ಸಲ ಅವನ ಹತ್ತಿರ ಮುಂದಿನ ಪ್ರಶ್ನೆ ಇರಲಿಲ್ಲ. ಉಳಿದ ಮಕ್ಕಳು ಆ ಪದವನ್ನು ಒಬ್ಬೊಬ್ಬರಾಗಿ ಹೇಳಿ ನೋಡಿದರು. ಯಾರೂ ನಗಲಿಲ್ಲ. ಇರಾ ಅಪ್ಪನ ಕಡೆ ತಿರುಗಿದಳು. ಸರಿಯಾಗಿ ಹೇಳಿದೆನಲ್ಲ ಎಂದು ಕೇಳುವಂತೆ ನೋಡಿದಳು.

ಗೋಪೀನಾಥ ಹೌದೆಂದು ತಲೆಯಾಡಿಸಿದ.

ಆ ಜನ ನಾವೇ ಎಂದು ಅವನು ಅಂದು ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.